ನಲವತ್ತು ದಿನ ತಣ್ಣಗಿರಬೇಕಾದ ಭಟ್ಟಿ

"ಒಳ್ಳೆಯ ಸಂಕಲ್ಪದಿಂದ ಯಾರಿಗಾದರೂ ಕೇಡಾಗುವುದುಂಟೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಅವನು ಮೊದಲು ಅರಮನೆಯಲ್ಲಿ ಓಲೆ ಬರೆಯುತ್ತಿದ್ದವನು. ಏಳು ರಾಜ್ಯಗಳ ದೊರೆಗಳು ಒಂದೆಡೆ ಸೇರಿ ಒಂದು ಸಂಕಲ್ಪ ಮಾಡಿದ್ದರು. ಇನ್ನು ಮೂವತ್ತು ವರ್ಷದೊಳಗೆ ತಮ್ಮ ನೆಲದಿಂದ ಏಳುವ ಹೊಗೆ, ತಮ್ಮ ಕಾಡುಗಳು ನುಂಗಿ ಅರಗಿಸಿಕೊಳ್ಳುವಷ್ಟಕ್ಕೆ ಇಳಿದು ನಿಲ್ಲಬೇಕು ಎಂದು. ಆ ಓಲೆ ಬರೆದವನು ಇವನೇ. ಮೊನ್ನೆ ಯಾರೋ ದಾರಿಹೋಕರು ಜಗುಲಿಯಲ್ಲಿ ಕೂತು ಆ ಸಂಕಲ್ಪವನ್ನು ಆಡಿಕೊಂಡು ನಕ್ಕಿದ್ದರು. ಅದು ಅವನಿಗೆ ನಾಟಿತ್ತು.

"ಕೆಲಸ ತಡವಾಗಬಹುದು, ಒಪ್ಪುತ್ತೇನೆ. ಆದರೆ ಒಳ್ಳೆಯದನ್ನು ಬಯಸಿದ್ದರಿಂದ ನಷ್ಟವಂತೂ ಇಲ್ಲವಲ್ಲ?" ಎಂದ.

ಗುರುಗಳು ಈ ಕತೆ ಹೇಳಿದರು.

ಒಂದು ಊರು. ಗಾಜಿನ ಬಳೆ ಮಾಡುವವರ ಊರು. ಅಲ್ಲಿ ಹದಿನಾಲ್ಕು ಭಟ್ಟಿಗಳಿದ್ದವು. ಒಂದೊಂದು ಭಟ್ಟಿಗೂ ಸುತ್ತ ಎಂಟು ಬಾಯಿ. ಒಂದೊಂದು ಬಾಯಿಯ ಮುಂದೆ ಒಬ್ಬರು ಕೂತು, ಕಬ್ಬಿಣದ ಸಲಾಕೆಯನ್ನು ಒಳಗೆ ಚಾಚಿ, ಕರಗಿದ ಗಾಜನ್ನು ಎಳೆದು, ತಿರುಗಿಸಿ ಬಳೆ ಮಾಡುತ್ತಿದ್ದರು. ಗಾಜಿನ ಭಟ್ಟಿ ನಮ್ಮ ಅಡುಗೆ ಒಲೆಯಂತಲ್ಲ. ಬೇಕಾದಾಗ ಹೊತ್ತಿಸಿ ಬೇಡವಾದಾಗ ಆರಿಸುವ ಹಾಗಿಲ್ಲ. ಒಳಗೆ ಗಾಜು ಕರಗಿಸುವ ಮಣ್ಣಿನ ಮೂಸೆಗಳಿರುತ್ತವೆ. ಬೆಂಕಿ ತಗ್ಗಿದರೆ ಮೂಸೆ ಸೀಳಿಹೋಗುತ್ತದೆ. ಆದ್ದರಿಂದ ಒಮ್ಮೆ ಹೊತ್ತಿಸಿದ ಭಟ್ಟಿ ಹತ್ತು ವರ್ಷ ಹಗಲಿರುಳು ಉರಿಯಬೇಕು. ಹತ್ತು ವರ್ಷಕ್ಕೆ ಒಳಗೋಡೆಯನ್ನು ಗಾಜೇ ತಿಂದುಹಾಕಿರುತ್ತದೆ. ಆಗ ಆರಿಸಿ, ಒಡೆದು, ಹೊಸದು ಕಟ್ಟಬೇಕು.

ಭಟ್ಟಿ ಆರಿದ ಮನೆಗೆ ಸೂತಕ. ಆ ಮನೆಯಲ್ಲಿ ಅಡುಗೆ ಒಲೆಯನ್ನೂ ಹೊತ್ತಿಸುವಂತಿಲ್ಲ. ನೆರೆಯವರು ರೊಟ್ಟಿ ಕಳಿಸಬೇಕು. ಸೂತಕದ ಮನೆಯವರ ಸಲಾಕೆ ಬೇರೆಯವರ ಭಟ್ಟಿಯ ಬಾಯಿಗೆ ಹೋಗಬಾರದು. ಹನ್ನೊಂದನೆಯ ದಿನ ಹೊಸ ಭಟ್ಟಿಗೆ ನೆರೆಮನೆಯ ಕೆಂಡ ತಂದು ಹಾಕಿದಾಗಲೇ ಆ ಮನೆಗೆ ಜೀವ ಬಂದ ಹಾಗೆ. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ಯಾರೂ ಕೇಳಿರಲಿಲ್ಲ. ಹೊಸದಾಗಿ ಕಟ್ಟಿದ ಭಟ್ಟಿಯ ಗೋಡೆ ಹನ್ನೊಂದು ದಿನಕ್ಕೆ ಒಣಗುತ್ತಿತ್ತು, ಅದಕ್ಕೇ ಇದ್ದರೂ ಇರಬಹುದು.

ಹದಿನಾಲ್ಕು ಭಟ್ಟಿಗಳಿಗೂ ಸೌದೆ ಬರುತ್ತಿದ್ದದ್ದು ಒಂದೇ ಬೆಟ್ಟದಿಂದ. ಬೆಟ್ಟದ ಬುಡದಲ್ಲಿ ಸೌದೆ ಕಡಿಯುವವರದೊಂದು ಹಳ್ಳಿ. ಅಜ್ಜನ ಕಾಲದಲ್ಲಿ ಕೊಡಲಿ ಹಿಡಿದು ಮನೆ ಬಿಟ್ಟರೆ ಬಿಸಿಲೇರುವ ಮೊದಲು ಹೊರೆಯೊಡನೆ ಮರಳುತ್ತಿದ್ದರು. ಈಗ ಹೋಗಿಬರಲು ಇಡೀ ದಿನ ಹಿಡಿಯುತ್ತಿತ್ತು. ಮಳೆ ಬಂದರೆ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಒಂದು ವರ್ಷ ಬೆಟ್ಟದ ಪಕ್ಕೆಯಿಂದ ಒಂದಿಷ್ಟು ಮಣ್ಣು ಜಾರಿ ಹಳ್ಳಿಯ ಒಂದು ದನದ ಕೊಟ್ಟಿಗೆಯ ಮೇಲೆ ಬಿತ್ತು. ಎರಡು ಎಮ್ಮೆ ಸತ್ತವು.

ಆಗ ಬಳೆಯೂರಿನ ಯಜಮಾನ ಊರವರನ್ನೆಲ್ಲ ಸೇರಿಸಿದ. ಅವನು ಒಳ್ಳೆಯವನು. ತಾನು ಉಣ್ಣುವ ಮೊದಲು ಸೌದೆ ಹೊತ್ತು ತಂದವರು ಉಂಡರೇ ಎಂದು ಕೇಳುವವನು. "ಈ ಬೆಟ್ಟ ನಮ್ಮನ್ನು ಸಾಕಿದೆ. ನಾವು ಅದನ್ನು ಬೋಳಿಸಿದ್ದೇವೆ. ಇನ್ನು ಇಪ್ಪತ್ತು ವರ್ಷದೊಳಗೆ, ಬೆಟ್ಟ ಒಂದು ವರ್ಷದಲ್ಲಿ ಎಷ್ಟು ಬೆಳೆಯುತ್ತದೋ ಅಷ್ಟನ್ನು ಮಾತ್ರ ನಾವು ತರುವಂತಾಗಬೇಕು. ಒಂದು ಕಡ್ಡಿ ಹೆಚ್ಚಿಲ್ಲ," ಎಂದ. ಹದಿನಾಲ್ಕು ಮನೆಯವರೂ ತಮ್ಮ ತಮ್ಮ ಭಟ್ಟಿಯ ಮುಂದೆ ನಿಂತು, ಬೆಂಕಿಗೆ ಅಂಗೈ ತೋರಿಸಿ ಮಾತು ಕೊಟ್ಟರು. ಎಷ್ಟೋ ಜನ ಅತ್ತರು. ಆ ಅಳುವಿನಲ್ಲಿ ನಾಟಕವಿರಲಿಲ್ಲ.

ಆ ಗುಂಪಿನಲ್ಲಿ ಭಟ್ಟಿ ಕಟ್ಟುವ ಮೇಸ್ತ್ರಿಯೂ ಇದ್ದ. ಅವನೂ ಅತ್ತ. ಅವನಿಗೆ ಹೆಂಡತಿ ಇರಲಿಲ್ಲ. ಒಬ್ಬಳೇ ಮಗಳು, ನಿಂಬೆವ್ವ ಎಂದು ಹೆಸರು. ಅವಳನ್ನು ಬೆಟ್ಟದ ಬುಡದ ಹಳ್ಳಿಗೇ ಕೊಟ್ಟಿದ್ದ. ಎಮ್ಮೆ ಸತ್ತದ್ದು ಅವಳ ಮಾವನ ಕೊಟ್ಟಿಗೆಯಲ್ಲಿ.

ಮೇಸ್ತ್ರಿ ಅತ್ತು ಸುಮ್ಮನಾಗಲಿಲ್ಲ. ಮುಂದಿನ ತಿಂಗಳೇ ಒಂದು ಕಂಬಳಿ, ಒಂದು ಗಂಟು ಅವಲಕ್ಕಿ ಕಟ್ಟಿಕೊಂಡು ಊರು ಬಿಟ್ಟ. ಗಾಜು ಕರಗಿಸುವವರು ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ಹೋದ. ಕೆಲವರು ಅವನನ್ನು ಕಳ್ಳನೆಂದು ಅಟ್ಟಿದರು. ಕೆಲವರು ತಮ್ಮ ಭಟ್ಟಿಯ ಹೊರಗೋಡೆಯನ್ನಷ್ಟೇ ತೋರಿಸಿ, ಅದಕ್ಕೊಂದು ದೊಡ್ಡ ಭಾಷಣ ಮಾಡಿದರು. ಕೊನೆಗೆ ಒಂದು ಕಡಲ ತೀರದಲ್ಲಿ, ಮಾತೇ ತಿಳಿಯದ ಒಬ್ಬ ಮುದುಕಿ ಅವನ ಕೈ ಹಿಡಿದು ಒಳಗೆ ಕರೆದೊಯ್ದಳು. ಅವಳ ಭಟ್ಟಿಗೆ ಒಂದಲ್ಲ, ಎರಡು ಗೋಡೆ. ಗೋಡೆಗಳ ನಡುವಿನ ಸಂದಿಯಲ್ಲಿ ಬಿಸಿ ಹೊಗೆ ಸುತ್ತಿ ಸುತ್ತಿ ಹೋಗುತ್ತಿತ್ತು. ಹೊರಗಿನ ತಣ್ಣನೆಯ ಗಾಳಿ ಆ ಬಿಸಿಯಲ್ಲಿ ಕಾದೇ ಬೆಂಕಿಗೆ ಸೇರುತ್ತಿತ್ತು. ಸೌದೆ ಅರ್ಧಕ್ಕರ್ಧ ಸಾಕು.

ಒಂದು ವರ್ಷದ ಮೇಲೆ ಅವನು ಊರಿಗೆ ಮರಳಿದ. ಹಿತ್ತಿಲಲ್ಲಿ ಅಂಥದೊಂದು ಪುಟ್ಟ ಭಟ್ಟಿ ಕಟ್ಟಿದ. ಮೊದಲು ತೆಗೆದ ಬಳೆಗಳು ಕೊಳೆತ ಎಲೆಯ ಬಣ್ಣಕ್ಕಿದ್ದವು. "ಮದುಮಗಳಿಗೆ ಇದನ್ನು ತೊಡಿಸಿದರೆ ಮದುವೆ ಮನೆಯೇ ಎದ್ದು ಹೋದೀತು," ಎಂದು ಹೆಂಗಸರು ನಕ್ಕರು. ಅವನು ಒಡೆದ, ಮತ್ತೆ ಕಟ್ಟಿದ. ಎರಡು ವರ್ಷಕ್ಕೆ ಹಸಿರು ಹಸಿರಾಗಿಯೇ ಬಂತು. ಸೌದೆ ತೂಗಿ ತೋರಿಸಿದ. ಅರ್ಧವೇ.

ತೊಡಕು ಇದ್ದದ್ದು ಒಂದೇ. ಎರಡು ಗೋಡೆಯ ಭಟ್ಟಿ ನೆರಳಿನಲ್ಲಿ ನಲವತ್ತು ದಿನ ಒಣಗಬೇಕು. ಅದಕ್ಕೂ ಮೊದಲೇ ಬೆಂಕಿ ಕಂಡರೆ ಒಳಗೋಡೆ ಬಿರಿಯುತ್ತದೆ.

ನಾಲ್ಕನೆಯ ವರ್ಷ ಯಜಮಾನನ ಭಟ್ಟಿಯ ಆಯಸ್ಸು ತೀರಿತು. ಊರಿನಲ್ಲಿ ಮೊದಲು ಆರಬೇಕಾದದ್ದು ಅದೇ. ಮೇಸ್ತ್ರಿ ಅವನ ಮನೆಗೆ ಹೋದ.

"ಯಜಮಾನರೇ, ನನ್ನ ಭಟ್ಟಿಗೆ ನಲವತ್ತು ದಿನ ಬೇಕು."

"ಹನ್ನೊಂದಕ್ಕೆ ಸೂತಕ ಕಳೀಬೇಕಲ್ಲ ಮಾರಾಯ. ನಲವತ್ತು ದಿನ ಒಲೆ ಹೊತ್ತಿಸದೆ ಕೂತ್ಕೋ ಅಂದರೆ ನನ್ನ ಹೆಂಡತಿ ಪಾತ್ರೆ ಸಮೇತ ನಿನ್ನ ಮನೆಗೆ ಬಂದು ಕೂರ್ತಾಳೆ. ಸಾಕ್ತೀಯಾ?"

"ಸೂತಕ ಬೇಡ ಅಂತ ಹಿರಿಯರು ಕೂತು ಒಂದು ಮಾತು ಹೇಳಿದರೆ ಸಾಕು. ಆ ನಲವತ್ತು ದಿನ ಉಳಿದ ಹದಿಮೂರು ಮನೆಯವರು ಸರದಿ ಪ್ರಕಾರ ತಮ್ಮ ಭಟ್ಟಿಯ ಒಂದೊಂದು ಬಾಯಿಯನ್ನ ನಿಮ್ಮವರಿಗೆ ಬಿಟ್ಟುಕೊಟ್ಟರೆ ನಿಮ್ಮ ಕೆಲಸವೂ ನಿಲ್ಲಲ್ಲ. ನಾಳೆ ಅವರ ಭಟ್ಟಿ ಆರಿದಾಗ ನೀವು ಬಿಟ್ಟುಕೊಡಿ."

ಯಜಮಾನ ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟ. "ನೋಡು, ಬೆಟ್ಟಕ್ಕಾಗಿ ಊರಿಗೆ ಊರೇ ಕಣ್ಣೀರು ಹಾಕಿದೆ. ಎಷ್ಟು ವರ್ಷದ ಮೇಲೆ ಎಲ್ಲರೂ ಒಂದಾಗಿದಾರೆ. ಈಗ ಯಾರ ಬಾಯಿ ಯಾರಿಗೆ ಅಂತ ಜಗಳ ಹಚ್ಚಿದರೆ ಅದೂ ಮುರಿದು ಬೀಳುತ್ತೆ. ಇನ್ನೂ ಹದಿನಾರು ವರ್ಷ ಇದೆ. ಮುಂದಿನ ಸಲ ನಿನ್ನ ಭಟ್ಟಿಯೇ. ಮಾತು ಕೊಟ್ಟೆ."

ಊರಿನವರ ಎಣಿಕೆಯಲ್ಲಿ ಹದಿನಾರು ವರ್ಷ ಎಂದರೆ ಹದಿನಾರು ವರ್ಷ. ಪ್ರತಿ ವರ್ಷವೂ ಒಂದು ಅವಕಾಶ. ಮೇಸ್ತ್ರಿಯ ಎಣಿಕೆ ಬೇರೆ. ಹತ್ತು ವರ್ಷ ಉರಿಯುವ ಭಟ್ಟಿ ಇಪ್ಪತ್ತು ವರ್ಷದಲ್ಲಿ ಎರಡೇ ಎರಡು ಸಲ ತಣ್ಣಗಾಗುತ್ತದೆ. ಎರಡರಲ್ಲಿ ಒಂದು ಇದೇ. ಅವನು ಅದನ್ನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಯಜಮಾನನ ಹೆಂಡತಿ ತಟ್ಟೆಯಲ್ಲಿ ಬೆಲ್ಲ, ನೀರು ತಂದಿಟ್ಟು, "ಮಗಳು ಹೇಗಿದ್ದಾಳಪ್ಪ?" ಎಂದು ಕೇಳಿದಳು. ಚೆನ್ನಾಗಿದ್ದಾಳೆ ಎಂದ. ಬೆಲ್ಲ ತಿಂದ. ಮರುದಿನ ಹಳೆಯ ಬಗೆಯ ಭಟ್ಟಿಗೆ ಪಾಯ ತೆಗೆದ.

ಯಜಮಾನನೇ ಹಳೆಯದನ್ನು ಕಟ್ಟಿಸಿದ ಮೇಲೆ ಉಳಿದವರು ಮುಂದಾಗುವುದುಂಟೇ? ಒಬ್ಬೊಬ್ಬರೂ ಅದನ್ನೇ ಹೇಳಿದರು. ಮೂರು ವರ್ಷದಲ್ಲಿ ಹದಿನಾಲ್ಕು ಭಟ್ಟಿಗಳೂ ಒಂದಾದ ಮೇಲೊಂದು ಆರಿ, ಒಡೆದು, ಹನ್ನೊಂದನೆಯ ದಿನಕ್ಕೆ ಮತ್ತೆ ಹೊತ್ತಿಕೊಂಡವು. ಹದಿನಾಲ್ಕನ್ನೂ ಹಳೆಯ ರೀತಿಯಲ್ಲೇ ಕಟ್ಟಿದವನು ಮೇಸ್ತ್ರಿ. ಬೇರೆ ಕೈ ಆ ಊರಲ್ಲಿ ಇರಲಿಲ್ಲ.

ಪ್ರತಿ ವರ್ಷ ಮಾತು ಕೊಟ್ಟ ದಿನ ಬಂದಾಗ ಊರವರು ಹಬ್ಬ ಮಾಡುತ್ತಿದ್ದರು. ಎಂಟನೆಯ ವರ್ಷ ಒಬ್ಬ ಎದ್ದು ನಿಂತು, ಇಪ್ಪತ್ತು ವರ್ಷ ಹೇಡಿಗಳ ಲೆಕ್ಕ, ಹದಿನೈದಕ್ಕೇ ಮುಗಿಸೋಣ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಗಡುವು ಹದಿನೈದಕ್ಕೆ ಇಳಿಯಿತು.

ಮೇಸ್ತ್ರಿ ಹಿಂದಿನಿಂದ ಎದ್ದ. "ಹೋದ ವರ್ಷ ಹೊತ್ತಿಸಿದ ಭಟ್ಟಿಗಳು ಹದಿನೇಳನೇ ವರ್ಷದವರೆಗೆ ಉರೀತವೆ. ಹದಿನೈದಕ್ಕೆ ಮುಗಿಸೋದು ಹೇಗೆ?" ಎಂದ.

"ಮೇಸ್ತ್ರೀ, ಹೋಳಿಗೆ ಬಡಿಸುವಾಗ ಬೇಳೆ ಎಷ್ಟು ಸೇರು ಅಂತ ಕೇಳೋನು ನೀನೊಬ್ಬನೇ ನೋಡು. ಕೂತ್ಕೋ, ತುಪ್ಪ ಬರ್ತಾ ಇದೆ," ಎಂದಿತು ಒಂದು ದನಿ. ಎಲ್ಲರೂ ನಕ್ಕರು. ನಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅವನೂ ನಕ್ಕ. ಕೂತ. ತುಪ್ಪ ಬಂತು.

ಹತ್ತನೆಯ ವರ್ಷದ ಮಳೆ ಜೋರಾಗಿತ್ತು. ಬೆಟ್ಟದ ಪಕ್ಕೆಯಲ್ಲಿ ಉದ್ದಕ್ಕೆ ಒಂದು ಬಿರುಕು ಕಂಡಿತು. ಮೇಸ್ತ್ರಿ ಮಗಳ ಮನೆಗೆ ಹೋದ. ಅವಳು ಹೊಸ ಕೋಣೆಯ ಗೋಡೆಗೆ ಕೆಮ್ಮಣ್ಣು ಸಾರಿಸುತ್ತಿದ್ದಳು.

"ನಿಂಬಿ, ಇದೇನು ಹೊಸ ಕೋಣೆ? ಹೊಳೆ ಆಚೆಗೆ ಹೋಗ್ತೀವಿ ಅಂತಿದ್ದರಲ್ಲ ನಿಮ್ಮ ಮಾವ?"

"ಎಮ್ಮೆ ಸತ್ತಾಗ ಅಂದಿದ್ದು ಅದು. ಆಚೆ ದಡದಲ್ಲಿ ಜಾಗಾನೂ ನೋಡಿ ಬಂದಿದ್ದರು. ಆಮೇಲೆ ನಿಮ್ಮೂರೋರು ಮಾತು ಕೊಟ್ಟರಲ್ಲ, ಬೆಟ್ಟ ಉಳೀತು, ಇನ್ನ್ಯಾಕೆ ಹೋಗೋದು ಅಂದರು. ಈಗ ಹದಿನೈದೇ ವರ್ಷಕ್ಕೆ ಇಳಿಸಿದಾರಂತೆ, ಹೌದೇನಪ್ಪಾ?"

"ಹೌದು," ಎಂದ ಮೇಸ್ತ್ರಿ.

"ಮತ್ತೆ? ಭಟ್ಟಿ ಕಟ್ಟೋನು ನನ್ನಪ್ಪ. ನಾನು ಯಾರಿಗೆ ಹೆದರಲಿ?" ಎಂದು ಅವಳು ನಕ್ಕಳು. ಕೆಮ್ಮಣ್ಣಿನ ಕೈಯನ್ನು ಅವನ ಅಂಗಿಗೆ ಒರೆಸುವವಳಂತೆ ಮಾಡಿ ಹೆದರಿಸಿದಳು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ.

ಅವನು ಅಲ್ಲಿ ಒಂದು ಮಾತು ಹೇಳಬೇಕಿತ್ತು. ಹದಿನಾಲ್ಕನ್ನೂ ಹಳೆಯ ರೀತಿಯಲ್ಲೇ ಕಟ್ಟಿದ್ದೇನೆ ಮಗಳೇ ಎಂದು. ಹೇಳಿದರೆ ಯಜಮಾನನ ಮಾತು ಪೊಳ್ಳು ಎಂದಂತಾಗುತ್ತದೆ. ಊರು ಮಾತು ತಪ್ಪಿಯೂ ಇರಲಿಲ್ಲ, ಗಡುವಿಗೆ ಇನ್ನೂ ಐದು ವರ್ಷ ಇತ್ತು. ತನ್ನ ಕೈಯ ಕೆಲಸವನ್ನು ಮಗಳ ಮುಂದೆ ತಾನೇ ಹೀಗಳೆಯಲು ನಾಲಗೆ ಏಳಲಿಲ್ಲ. ಅವಳು ಹಾಕಿದ ಜೋಳದ ರೊಟ್ಟಿ ತಿಂದು, ಗೋಡೆ ಗಟ್ಟಿಯಾಗಿದೆ ಎಂದು ತಟ್ಟಿ ನೋಡಿ ಹೇಳಿ, ಹೊರಟುಬಂದ.

ಹನ್ನೆರಡನೆಯ ವರ್ಷ, ಮಳೆ ನಿಂತು ಬಿಸಿಲು ಬಂದ ಒಂದು ಮಧ್ಯಾಹ್ನ, ಬೆಟ್ಟ ಜಾರಿತು.

ಬಳೆಯೂರಿನವರು ಗುದ್ದಲಿ, ಬುಟ್ಟಿ ಹಿಡಿದು ಓಡಿದರು. ಕೆಟ್ಟವರಾಗಿದ್ದರೆ ಕತೆ ಸುಲಭವಾಗುತ್ತಿತ್ತು. ಅವರು ಉಗುರು ಕಿತ್ತು ಬರುವವರೆಗೆ ಅಗೆದರು. ಎಪ್ಪತ್ತು ದಾಟಿದ ಯಜಮಾನ ಮೊಣಕಾಲುದ್ದದ ಕೆಸರಲ್ಲಿ ನಿಂತು ಬುಟ್ಟಿ ಹೊತ್ತ. ಆದರೆ ಊರಿನಲ್ಲಿ ಹದಿನಾಲ್ಕು ಭಟ್ಟಿಗಳು ಉರಿಯುತ್ತಿದ್ದವು. ಅವನ್ನು ಬಿಟ್ಟು ಬರುವಂತಿಲ್ಲ. ಮನೆಗೆ ಇಬ್ಬರಂತೆ ಸೌದೆ ಹಾಕಲು ಹಿಂದೆ ಉಳಿದರು. ಎರಡನೆಯ ದಿನ ಸೌದೆ ಮುಗಿಯಿತು. ತರುವವರು ಮಣ್ಣಿನ ಕೆಳಗಿದ್ದರು. ಬೆಟ್ಟದ ಜೊತೆ ಉರುಳಿ ಬಂದ ಮರಗಳು ಅಲ್ಲಲ್ಲೇ ಬಿದ್ದಿದ್ದವು. ಹೇಗೂ ಕೊಳೆಯುತ್ತವೆ ಎಂದು ಯಾರೋ ಅಂದರು. ಮೆಲ್ಲಗೆ ಅಂದರು.

ಮರ ಹೇರಿದ ಗಾಡಿಗಳು ಮೇಸ್ತ್ರಿ ಅಗೆಯುತ್ತಿದ್ದ ಜಾಗದ ಪಕ್ಕದಲ್ಲೇ ಊರಿನ ಕಡೆ ಹೋದವು. ಅವನು ತಲೆಯೆತ್ತಿ ನೋಡಿದ. ತಡೆಯಲಿಲ್ಲ. ಸೌದೆಯಿಲ್ಲದೆ ಆ ಭಟ್ಟಿಗಳು ಎಷ್ಟು ಹೊತ್ತು ತಾಳುತ್ತವೆ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಮತ್ತೆ ಬಗ್ಗಿ ಅಗೆದ.

ನಾಲ್ಕನೆಯ ದಿನ ನಿಂಬೆವ್ವ ಹೆಣವಾಗಿ ಸಿಕ್ಕಳು. ಅವಳ ಗಂಡ ಸಿಕ್ಕ. ಮಾವ ಸಿಗಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಯಜಮಾನ ಮೇಸ್ತ್ರಿಯ ಮನೆ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತ.

"ನಾಳೆ ಬೆಳಗ್ಗೆ ನನ್ನ ಭಟ್ಟಿ ಆರಿಸ್ತೀನಿ," ಎಂದ.

"ಅದಕ್ಕಿನ್ನೂ ಎರಡು ವರ್ಷ ಆಯಸ್ಸಿದೆ, ಯಜಮಾನರೇ."

"ಇರಲಿ."

ಆ ಸಂಜೆ ಹಿರಿಯರು ಕೂತರು. ಭಟ್ಟಿ ಆರಿದರೆ ಇನ್ನು ಸೂತಕವಿಲ್ಲ ಎಂದರು. ಆರಿದ ಮನೆಯವರಿಗೆ ಉಳಿದವರು ಸರದಿಯಂತೆ ಬಾಯಿ ಬಿಟ್ಟುಕೊಡಬೇಕು ಎಂದರು. ಗಾಳಿಗೆ ಎದುರಾದ ಬಾಯಿಯಲ್ಲಿ ಹೊಗೆ ಜಾಸ್ತಿ, ಅದು ನಮಗೆ ಬೇಡ ಎಂದು ಒಬ್ಬ ಹೆಂಗಸು ತಕರಾರು ತೆಗೆದಳು. ವಾರಕ್ಕೊಮ್ಮೆ ಬದಲಾಯಿಸಿಕೊಳ್ಳಿ ಎಂದು ಇನ್ನೊಬ್ಬಳು ಹೇಳಿದಳು. ಮೊದಲಿನವಳು ಆಗಲಿ ಎಂದಳು. ಎಲೆ ಅಡಿಕೆಯ ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾರೂ ಅಳಲಿಲ್ಲ. ಯಾರೂ ಬೆಂಕಿಗೆ ಅಂಗೈ ತೋರಿಸಲಿಲ್ಲ. ಕೊನೆಯ ಸಾಲಿನಲ್ಲಿ ಕೂತಿದ್ದ ಮೇಸ್ತ್ರಿಗೆ ತಟ್ಟೆ ಬಂದಾಗ ಅವನು ಅದನ್ನು ಹಾಗೇ ಮುಂದೆ ದಾಟಿಸಿದ. ಇಷ್ಟೇ ಆಗಿತ್ತಲ್ಲ, ಎಂದು ಪಕ್ಕದವನಿಗೆ ಹೇಳಿದ. ಪಕ್ಕದವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು.

ಹದಿನಾಲ್ಕು ಭಟ್ಟಿ, ತಲಾ ನಲವತ್ತು ದಿನ. ಒಂದೂವರೆ ವರ್ಷಕ್ಕೆ ಎಲ್ಲವೂ ಬದಲಾದವು. ಮೇಸ್ತ್ರಿ ಒಂದು ದಿನವೂ ತಪ್ಪಿಸಲಿಲ್ಲ. ಬೆಟ್ಟದ ಉಳಿದ ಪಕ್ಕೆಯಲ್ಲಿ ಗಿಡಗಳು ಎದ್ದವು. ಊರು ತರುವ ಸೌದೆ ಬೆಟ್ಟ ಬೆಳೆಯುವಷ್ಟಕ್ಕೆ ಇಳಿಯಿತು. ಅದೂ ಗಡುವಿಗೆ ಒಂದು ವರ್ಷ ಮೊದಲೇ. ಆ ವರ್ಷದ ಹಬ್ಬಕ್ಕೆ ಮೇಸ್ತ್ರಿಯನ್ನು ಕರೆತಂದು ಶಾಲು ಹೊದಿಸಬೇಕೆಂದು ನಾಲ್ಕು ಜನ ಅವನ ಮನೆಗೆ ಹೋದರು. ಅವನು ಅವರಿಗೆ ಕುಡಿಯಲು ನೀರು ಕೊಟ್ಟ. ಜೊತೆಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಉಸಿರು ಬಿಟ್ಟ. ಅವನ ಮುಖದ ಬಿಗಿ ಸ್ವಲ್ಪ ಸಡಿಲಿತು. "ದುಃಖದ ಕತೆ, ಗುರುಗಳೇ. ಆದರೂ ಕೊನೆಗೆ ಊರು ಮಾತು ಉಳಿಸಿಕೊಂಡಿತು. ಸಂಕಲ್ಪ ಗೆದ್ದಿತಲ್ಲ?" ಎಂದ.

"ಗೆದ್ದಿತು ಎಂದು, ಅದನ್ನು ನಂಬಿ ಬೆಟ್ಟದ ಬುಡದಲ್ಲಿ ಉಳಿದವಳಿಗೆ ನೀನೇ ಹೋಗಿ ಹೇಳಿ ಬಾ," ಎಂದರು ಗುರುಗಳು.